ಕೆಂಪು ಬಿಲ್ಲೆ ತೆಗೆದ ಕೈ

ಎರಡನೆಯ ಬೋಲ್ಟಿಗೆ ಮೂರು ನಿಮಿಷ ಹಿಡಿಯಿತು. ಮೂರನೆಯದು ಜಪ್ಪಯ್ಯ ಅಂದರೂ ಅಲುಗಲಿಲ್ಲ.

ಹಳಿಗಳ ನಡುವಿನ ಗುಂಡಿಯಲ್ಲಿ ನಿಂತಿದ್ದ ಟಾರ್ಚಕ್ಕ ಸ್ಪ್ಯಾನರಿಗೆ ಎರಡೂ ಕೈ ಕೊಟ್ಟು, ಒಂದು ಕಾಲನ್ನು ಗೋಡೆಗೆ ಒದ್ದು, ಮೈಭಾರವನ್ನೆಲ್ಲ ಅದರ ಮೇಲೆ ಹಾಕಿದಳು. ಕಿರ್ರೆಂದಿತು. ತುಕ್ಕಿನ ಪುಡಿ ಸುರಿದು ಕಣ್ಣು ಉರಿಯಿತು. ತಲೆಯ ಮೇಲೆ ರೈಲಿನ ಬೋಗಿ, ಹೊಟ್ಟೆಯ ತುಂಬ ಮಸಿ ಮೆತ್ತಿಕೊಂಡು, ತನಗೂ ಇದಕ್ಕೂ ಸಂಬಂಧವೇ ಇಲ್ಲವೆಂಬಂತೆ ನಿಂತಿತ್ತು.

“ಎಷ್ಟಾಯ್ತು ಮೇಸ್ತ್ರಿ?”

“ನಾಲ್ಕು ನಿಮಿಷ.” ಮೇಲೆ ಗುಂಡಿಯ ಅಂಚಿನಲ್ಲಿ ಕಾಣುತ್ತಿದ್ದದ್ದು ಷೆಡ್ಡಿನ ಮೇಸ್ತ್ರಿಯ ಬೂಟುಗಳು ಮಾತ್ರ. “ಅಲ್ಲ ಟಾರ್ಚಕ್ಕ, ಈ ವಯಸ್ಸಲ್ಲಿ ನಿಮಗಿದು ಬೇಕಾ? ಬೋಲ್ಟು ಬಿಚ್ಚೋದು ಕಲೀಬೇಕು ಅಂದಿದ್ರೆ ನಾನೇ ಹೇಳ್ಕೊಡ್ತಿದ್ನಲ್ಲ, ಮೇಲೆ ಬೆಂಚಿನ ಮೇಲೆ ಕೂರ್ಸಿ.”

“ಕೂತ್ಕೊಂಡು ಕಲ್ತ ವಿದ್ಯೆಯಿಂದಲೇ ನಿಮ್ಮ ವರದಿ ಹುಟ್ಟಿದ್ದು ಮೇಸ್ತ್ರಿ. ಅದಕ್ಕೇ ನಾನು ನಿಂತ್ಕೊಂಡು ಕಲೀತಿದೀನಿ.”

ಬೂಟುಗಳು ಒಂದು ಹೆಜ್ಜೆ ಹಿಂದೆ ಸರಿದವು.

ಈ ಜೋಡಿ ಬೋಗಿಗಳ ಅಡಿಯಲ್ಲಿ ಕರೆಂಟು ಹೊಡೆದು, ಷೆಡ್ಡಿನಲ್ಲಿ ಬಾಗಿಲು ರಿಪೇರಿ ಮಾಡುತ್ತಿದ್ದ ಬಾಗಿಲಣ್ಣ ಸತ್ತು ಅಂದಿಗೆ ಹದಿಮೂರು ದಿನ. ಕೆಂಪು ಬಿಲ್ಲೆ ಹಾಕದೆ ಕೆಳಗಿಳಿದ ಅವನದೇ ತಪ್ಪು ಎಂಬ ವರದಿಗೆ ಮಧ್ಯಾಹ್ನ ಮೂರಕ್ಕೆ ರೈಲಿನ ತನಿಖೆ ಕಚೇರಿಯ ಪರವಾಗಿ ಟಾರ್ಚಕ್ಕ ಸಹಿ ಹಾಕಬೇಕಿತ್ತು. ಅದೇ ಹೊತ್ತಿಗೆ ಉದ್ದನೆಯ ಲಾರಿ ಬಂದು ಬೋಗಿಗಳನ್ನು ಗುಜರಿಗೆ ಒಯ್ಯುವುದಿತ್ತು. ಗೋಡೆಯ ಗಡಿಯಾರದಲ್ಲಿ ಈಗ ಎರಡು ದಾಟಿ ಐದು ನಿಮಿಷ.

ಟಾರ್ಚಕ್ಕ ಬೆಳಕನ್ನು ಬೋಗಿಯ ಅಂಚಿಗೆ ಹಿಡಿದಳು. ಅಲ್ಲಿ ನಾಲಗೆಯ ಹಾಗೆ ಪಕ್ಕಕ್ಕೆ ಚಾಚಿಕೊಂಡಿದ್ದ ಕಬ್ಬಿಣದ ತುಂಡಿಗೆ ಷೆಡ್ಡಿನವರು ಶೂ ಅನ್ನುತ್ತಾರೆ. ಕಂಬಗಳ ಮೇಲಿನ ದಾರಿಯಲ್ಲಿ ರೈಲು ಓಡುವಾಗ ಈ ಶೂ ಕರೆಂಟಿನ ಹಳಿಯನ್ನು ಸವರುತ್ತ ಹೋಗುತ್ತದೆ. ಬೋಗಿಗೆ ಅದರಿಂದಲೇ ಜೀವ. ಒಂದು ಬೋಗಿಗೆ ನಾಲ್ಕು ಶೂ, ಒಂದು ಶೂಗೆ ನಾಲ್ಕು ಬೋಲ್ಟು.

ಅವಳು ಸುಮ್ಮನೆ ಎಣಿಸಿದಳು. ಮೂರು ಶೂಗಳು ಹೊಚ್ಚ ಹೊಸವು, ನೀಲಿ ಬಣ್ಣ ಇನ್ನೂ ಸವೆದಿಲ್ಲ. ನಾಲ್ಕನೆಯದು ಹಳೆಯದು. ಅದರ ಒಂದು ಬೋಲ್ಟು ಮಾತ್ರ ಬಿಚ್ಚಿತ್ತು. ಉಳಿದ ಮೂರರಲ್ಲಿ ಎರಡನ್ನು ಈಗ ಅವಳೇ ಬಿಚ್ಚಿದ್ದಳು.

“ಮೇಸ್ತ್ರಿ, ಬಾಗಿಲಣ್ಣನ್ನ ಈ ಕೆಲಸಕ್ಕೆ ನೀವು ಕರೆದದ್ದು ಎಷ್ಟು ಗಂಟೆಗೆ?”

“ನಾಲ್ಕೂವರೆಗೆ. ಬರೆದು ಕೊಟ್ಟಿದೀನಲ್ಲ.”

“ಕರೆಂಟು ಕೊಟ್ಟಿದ್ದು?”

“ನಾಲ್ಕೂ ನಲವತ್ತಕ್ಕೆ. ಸ್ವಿಚ್ಚಿನ ಯಂತ್ರದಲ್ಲೇ ಅಚ್ಚಾಗಿದೆ, ಅದು ಸುಳ್ಳು ಹೇಳಲ್ಲ.”

“ಯಂತ್ರ ಹೇಳಲ್ಲ,” ಎಂದು ಟಾರ್ಚಕ್ಕ ಏಣಿ ಹಿಡಿದು ಮೇಲೆ ಹತ್ತಿದಳು. ಅವಳ ಕೈ, ಮೂಗು, ಕೆನ್ನೆ ಎಲ್ಲ ಮಸಿ. “ನನ್ನ ಕೈಯಲ್ಲಿ ಒಂದು ಬೋಲ್ಟಿಗೆ ಮೂರು, ನಾಲ್ಕು ನಿಮಿಷ. ಬಾಗಿಲಣ್ಣನ ಕೈಗೆ ಎರಡೂವರೆ ಅನ್ನಿ. ನಾಲ್ಕು ಬೋಲ್ಟು ಬಿಚ್ಚಿ, ಹೊಸ ಶೂ ಕೂರಿಸಿ, ಮತ್ತೆ ಬಿಗಿಯೋಕೆ ಕಾಲು ಗಂಟೆ ಬೇಕೇ ಬೇಕು. ಮೂರು ಶೂ ಮುಗಿಸಿ ನಾಲ್ಕನೇದಕ್ಕೆ ಕೈ ಹಾಕಿದ್ದ. ಹತ್ತು ನಿಮಿಷದಲ್ಲಿ ಇಷ್ಟು ಮಾಡೋಕೆ ಅವನಿಗೇನು ಹತ್ತು ಕೈ ಇದ್ವಾ?”

ಮೇಸ್ತ್ರಿ ತುಂಬ ದಪ್ಪನೆಯ ಮನುಷ್ಯ; ಆದರೂ ಆ ಕ್ಷಣ ಸಮವಸ್ತ್ರದೊಳಗೆ ಕುಗ್ಗಿಹೋದ ಹಾಗೆ ಕಂಡ.

“ಮೂರೂಮುಕ್ಕಾಲು,” ಎಂದ ಕೊನೆಗೆ. “ಮೂರೂಮುಕ್ಕಾಲಿಗೇ ಕಳಿಸ್ದೆ. ಶೂ ಹಾಕೋನು ರಜೆ ಇದ್ದ. ಬಾಗಿಲಿನ ಕೆಲಸದೋನನ್ನ ಶೂ ಕೆಲಸಕ್ಕೆ ಹಾಕೋ ಹಾಗಿಲ್ಲ. ನಾಲ್ಕಕ್ಕೆ ಅವನ ಪಾಳಿ ಬೇರೆ ಮುಗಿಯುತ್ತೆ. ‘ಒಂದು ಗಂಟೆ ನಿಂತ್ಕೊಳ್ಳೋ ಮಾರಾಯ, ನಾಳೆ ಬೆಳಿಗ್ಗೆ ಬೋಗಿ ಹೊರಡ್ಬೇಕು, ಗುಜರಿಗೆ ಹೋಗೋ ತನಕ ಓಡಿಸ್ಲೇಬೇಕಲ್ಲ’ ಅಂದೆ. ಒಪ್ಕೊಂಡ. ನಾನು ಪಾಳಿ ಬರೆಯೋ ಹಲಗೆ ಮೇಲೆ ಇದನ್ನ ಬರೀಲಿಲ್ಲ.”

“ಬರೆದಿದ್ರೆ ಎಲ್ಲರಿಗೂ ಗೊತ್ತಿರೋದು, ಅವನು ಕೆಳಗಿದಾನೆ ಅಂತ.”

“ಹ್ಞೂಂ.” ಮೇಸ್ತ್ರಿಯ ಕಣ್ಣು ತುಂಬಿತು. “ಹದಿಮೂರು ದಿನದಿಂದ ಗಂಟಲಲ್ಲಿ ತುತ್ತು ಇಳೀತಿಲ್ಲ ಟಾರ್ಚಕ್ಕ.”

“ನಾಲ್ಕೂವರೆ ಅಂತ ಬರೆಯೋ ಬುದ್ಧಿ ನಿಮ್ಮದೇನಾ?”

ಅವನು ಅತ್ತ ಇತ್ತ ನೋಡಿದ. “ನಾನು ಇದ್ದದ್ದೇ ಬರೆಯೋನಿದ್ದೆ, ಕೆಲಸ ಹೋದ್ರೆ ಹೋಗ್ಲಿ ಅಂತ. ಅವತ್ತು ಸಂಜೆ ಬಾಗಿಲಣ್ಣನ ಭಾಮೈದ ಬಂದು ಕಾಲು ಹಿಡ್ಕೊಂಡ. ‘ನಾಲ್ಕೂವರೆ ಅಂತ ಬರೀರಿ, ನಿಮಗೂ ಒಳ್ಳೇದು’ ಅಂದ. ನನ್ನ ಉಳಿಸೋಕೆ ಅಂದ್ಕೊಂಡೆ. ಸತ್ತಿರೋದು ಅವನ ಸ್ವಂತ ಭಾವ. ಅವನೇ ಹಾಗಂದ ಮೇಲೆ...”

ಟಾರ್ಚಕ್ಕ ಸ್ಪ್ಯಾನರನ್ನು ಅವನ ಕೈಗೆ ಕೊಟ್ಟಳು. ನಾಲ್ಕೂಕಾಲು ಎಂಬ ಇನ್ನೊಂದು ಹೊತ್ತು ಅವಳಿಗೆ ಗೊತ್ತಿತ್ತು. ಅದನ್ನು ಇದುವರೆಗೂ ಯಾವ ಕಾಗದಕ್ಕೂ ಹತ್ತಿಸಿರಲಿಲ್ಲ.

*

ಮೂರು ಮೆಟ್ಟಿಲು ಹತ್ತಿ ಬೋಗಿಯ ಒಳಗೆ ಬಂದಳು.

ಖಾಲಿ ಬೋಗಿಗೆ ಒಂದು ವಾಸನೆಯಿರುತ್ತದೆ. ಬ್ರೇಕಿನ ಪುಡಿ, ಹಳೆಯ ರಬ್ಬರು, ಸಾವಿರಾರು ಅಂಗೈಗಳು ಹಿಡಿದು ಹಿಡಿದು ನುಣುಪಾದ ಉಕ್ಕು. ಮೂವತ್ತೊಂದು ವರ್ಷ ಈ ಬೋಗಿ ಮನೆಗಳ ಎರಡನೆಯ ಮಹಡಿಯ ಎತ್ತರದಲ್ಲಿ ಓಡಾಡಿತ್ತು. ಎಷ್ಟು ಜನರ ಅಡುಗೆಮನೆಗೆ ಇಣುಕಿತ್ತೋ, ಎಷ್ಟು ಜಗಳ ನೋಡಿತ್ತೋ! ಟಾರ್ಚಕ್ಕ ತನಿಖೆಯ ಕೆಲಸಕ್ಕೆ ಬರುವ ಮೊದಲು ಹದಿನೆಂಟು ವರ್ಷ ಇಂಥ ಬೋಗಿಗಳನ್ನೇ ಓಡಿಸಿದವಳು. ಕಿಟಕಿಯಾಚೆ ಒಣಹಾಕಿದ ಬಟ್ಟೆ ನೋಡಿಯೇ ಯಾರ ಮನೆಗೆ ಕೂಸು ಬಂತೆಂದು ಹೇಳುತ್ತಿದ್ದಳು.

ಬೋಗಿಗಳು ಯಾವಾಗಲೂ ಜೋಡಿ. ಇದರ ಹೊಟ್ಟೆಯಲ್ಲಿ ಗಾಳಿಯ ಯಂತ್ರ, ಅದರ ಹೊಟ್ಟೆಯಲ್ಲಿ ಬ್ಯಾಟರಿ. ಇದು ಉಸಿರು ಕೊಡಬೇಕು, ಅದು ಬೆಳಕು ಕೊಡಬೇಕು. ಒಂದನ್ನು ಬಿಟ್ಟು ಒಂದು ಒಂದಡಿಯೂ ಕದಲದು. ಷೆಡ್ಡಿನವರು ಒಂದನ್ನು ಗಂಡ, ಒಂದನ್ನು ಹೆಂಡತಿ ಅಂತಲೇ ಕರೆಯುತ್ತಿದ್ದರು. ಒಂದಕ್ಕೆ ಕರೆಂಟು ಕೊಟ್ಟರೆ ಇನ್ನೊಂದರ ಶೂಗೂ ಆ ಕ್ಷಣವೇ ಕರೆಂಟು. ಅದಕ್ಕೇ ಕೆಂಪು ಬಿಲ್ಲೆ. ಬೋಗಿಯ ಕೆಳಗೆ ಇಳಿಯುವವನು ಚಾಲಕನ ಕೋಣೆಯ ಕರೆಂಟಿನ ಹಿಡಿಗೆ ತನ್ನ ನಂಬರಿನ ಬಿಲ್ಲೆ ಕಟ್ಟಿ ಇಳಿಯಬೇಕು. ಬಿಲ್ಲೆ ಇರುವ ತನಕ ಯಾರೂ ಕರೆಂಟು ಕೊಡುವಂತಿಲ್ಲ. ಕಟ್ಟಿದವನೇ ಬಿಚ್ಚಬೇಕು, ಬಿಚ್ಚಿ ಬಾಗಿಲ ಬಳಿಯ ಹಲಗೆಯ ಮೊಳೆಗೆ ಹಾಕಬೇಕು. ಇನ್ನೊಬ್ಬರ ಬಿಲ್ಲೆ ಮುಟ್ಟಿ ಜೀವ ಹೋಯಿತೋ, ಮುಟ್ಟಿದವರಿಗೆ ಕೆಲಸವೂ ಹೋಯಿತು, ಜೈಲು ಬೇರೆ.

ಬಾಗಿಲಣ್ಣನ ಬಿಲ್ಲೆ ಹಲಗೆಯ ಮೊಳೆಯಲ್ಲಿ ಸಿಕ್ಕಿತ್ತು. ವರದಿಗೆ ಅಷ್ಟೇ ಸಾಕಾಗಿತ್ತು.

ಟಾರ್ಚಕ್ಕ ಜೇಬಿನಿಂದ ಕಾಗದದ ಲಕೋಟೆ ತೆಗೆದು ಬಿಲ್ಲೆಯನ್ನು ಅಂಗೈಗೆ ಹಾಕಿಕೊಂಡಳು. ಹಲಗೆಯ ಮೇಲಿನ ಉಳಿದ ಬಿಲ್ಲೆಗಳೆಲ್ಲ ಗ್ರೀಸು ಮೆತ್ತಿ ಕಾಡಿಗೆಯ ಬಣ್ಣ. ಇದೊಂದು ಮಾತ್ರ ತೊಳೆದಿಟ್ಟ ಹಾಗೆ ಚೊಕ್ಕ. ಬೆರಳ ಗುರುತು ಅಳಿಸಲು ಯಾರೋ ಒರೆಸಿದ್ದಾರೆ ಎಂದು ಮೊದಲ ದಿನವೇ ಅನುಮಾನ ಹುಟ್ಟಿಸಿದ್ದು ಇದೇ. ಕೊಲೆಗಾರನ ಕೈಚಳಕ ಅಂದುಕೊಂಡಿದ್ದಳು.

ಈಗ ಕಿಟಕಿಯ ಬೆಳಕಿಗೆ ಹಿಡಿದು ನೋಡಿದಳು. ನಡುವಿನ ಕೆಂಪು ಬಣ್ಣ ಸವೆದು ಗುಲಾಬಿಯಾಗಿತ್ತು. ಅಂಚು ದಿನಬಳಕೆಯ ಲೋಟದ ಕಂಠದಂತೆ ನುಣುಪು. ಒಂದು ದಿನ ಒರೆಸಿದ್ದಕ್ಕೆ ಹೀಗಾಗುವುದಿಲ್ಲ. ದಿನಾ ಒರೆಸಿದ ಬಿಲ್ಲೆ ಇದು. ವರ್ಷಗಟ್ಟಲೆ ಒರೆಸಿದ್ದು, ಒರೆಸಿದ ಕೈ ಯಾವುದೆಂದೂ ಅವಳಿಗೆ ಗೊತ್ತಿತ್ತು.

ಟಾರ್ಚಕ್ಕ ಹತ್ತಿರದ ಸೀಟಿನ ಮೇಲೆ ಕೂತಳು.

ಹತ್ತು ದಿನದ ಹಿಂದೆ ಬಾಗಿಲಣ್ಣನ ಹೆಂಡತಿ ಅವಳ ಕಚೇರಿಗೆ ಬಂದಿದ್ದಳು. ಷೆಡ್ಡಿನಲ್ಲಿ ಬೋಗಿ ಗುಡಿಸಿ ಒರೆಸುವ ಕೆಲಸ ಅವಳದು. ಅವನು ಎಲ್ಲರಿಗೂ ಅಣ್ಣನಾದ್ದರಿಂದ ಅವಳು ಎಲ್ಲರಿಗೂ ಅತ್ತಿಗೆ. ಕುರ್ಚಿ ತೋರಿಸಿದರೂ ಕೂರದೆ ಗೋಡೆಗೆ ಒರಗಿ ನಿಂತೇ ಮಾತಾಡಿದ್ದಳು.

“ಅವರಿಗೆ ಮರೆವು. ನಾಲ್ಕಕ್ಕೆ ಸೈರನ್ ಆದ ತಕ್ಷಣ ಬಿಲ್ಲೆ ಹಿಡಿಯಲ್ಲೇ ಬಿಟ್ಟು ಟೀ ಸಾಲಲ್ಲಿ ನಿಂತ್ಕೊಳ್ಳೋಕೆ ಓಡೋರು, ನನಗೂ ಒಂದು ಲೋಟ ಹಿಡ್ಕೋಬೇಕು ಅಂತ. ಬಿಲ್ಲೆ ಹಲಗೆಗೆ ಬರದಿದ್ರೆ ಮೂರನೇ ಸಲಕ್ಕೆ ಕೆಲಸದಿಂದ ತೆಗೀತಾರಲ್ಲ? ಅದಕ್ಕೆ ಹತ್ತೊಂಬತ್ತು ವರ್ಷದಿಂದ ನಾನೇ ಬಿಚ್ಚಿ, ಒರೆಸಿ, ಮೊಳೆಗೆ ಹಾಕ್ತಿದ್ದೆ. ಅವತ್ತೂ ನಾಲ್ಕೂಕಾಲಿಗೆ ಹಾಕಿದೆ. ತಪ್ಪಾದ್ರೆ ನನ್ನ ಕೆಲಸ ತೆಗೀರಿ, ಚಿಂತೆಯಿಲ್ಲ.”

ಅವಳು ಬಿಚ್ಚಿದ್ದು ಬೆಳಗಿನ ಬಾಗಿಲ ಕೆಲಸಕ್ಕೆ ಅವನು ಕಟ್ಟಿದ್ದ ಬಿಲ್ಲೆ, ನಾಲ್ಕೂವರೆಗೆ ಅವನು ಬಿಲ್ಲೆಯಿಲ್ಲದೆ ಎರಡನೆಯ ಸಲ ಇಳಿದ ಎಂಬ ಮೇಸ್ತ್ರಿಯ ಮಾತನ್ನು ಆಗ ಇಬ್ಬರೂ ನಂಬಿದ್ದರು. ಟಾರ್ಚಕ್ಕ ಅತ್ತಿಗೆಯ ಮಾತನ್ನು ತನ್ನ ಹೊಟ್ಟೆಯಲ್ಲೇ ಇಟ್ಟುಕೊಂಡಿದ್ದಳು.

ಅತ್ತಿಗೆ ಕೇಳಲು ಬಂದದ್ದು ಬೇರೆಯೇ. “ಬಿಲ್ಲೆ ಕಟ್ಟೋಕೆ ಒಂದು ದಿನ ಮರೆತೋರಲ್ಲ, ಬಿಚ್ಚೋಕೆ ಮರೆಯೋರು ಅಷ್ಟೇ. ಅವತ್ತು ಬೆಳಿಗ್ಗೆ ಮಾತಿಗೆ ಮಾತು ಬೆಳೀತು. ಈ ಬೋಗಿ ಗುಜರಿಗೆ ಹೋಗುತ್ತೆ, ಇದರದ್ದೊಂದು ಸೀಟು ಮನೆಗೆ ತರ್ತೀನಿ ಅಂದ್ರು. ಕಾಲು ಚಾಚೋಕೆ ಜಾಗ ಇಲ್ಲ, ಇದೊಂದು ಬೇರೆ ಕೇಡು, ಹೋಗಿ ಆ ಬೋಗಿ ಜೊತೆನೇ ಸಂಸಾರ ಮಾಡ್ಕೊಳ್ಳಿ ಅಂದ್ಬಿಟ್ಟೆ. ಸಂಜೆ ಟೀ ಸಾಲಲ್ಲಿ ಕಾಣಲಿಲ್ಲ. ಸಿಟ್ಟು ಇಳಿದಿಲ್ಲ, ಇರ್ಲಿ ಬಿಡು ಅಂತ ಒಬ್ಬಳೇ ಮನೆಗೆ ಹೋದೆ. ಅವರು ಬೇಕಂತಲೇ ಇಳಿದ್ರಾ? ನನ್ನ ಮೇಲಿನ ಸಿಟ್ಟಿಗೆ? ಬೇರೆ ಏನೂ ಬೇಡ ನನಗೆ. ಅದೊಂದು ಹೇಳಿ.”

ಅದೊಂದಕ್ಕೆ ಈಗ ಉತ್ತರ ಸಿಕ್ಕಿತ್ತು. ನಾಲ್ಕೂಕಾಲಿಗೆ ಬಾಗಿಲಣ್ಣ ಟೀ ಸಾಲಿನಲ್ಲಿರಲಿಲ್ಲ. ಇದೇ ನೆಲದ ಕೆಳಗೆ, ಎರಡನೆಯ ಶೂ ಬಿಗಿಯುತ್ತಿದ್ದ.

*

ಪಕ್ಕದ ಬೋಗಿಯ ಚಾಲಕನ ಕೋಣೆಯಲ್ಲಿ ಭಾಮೈದ ಇದ್ದ. ಅತ್ತಿಗೆಯ ಒಬ್ಬನೇ ತಮ್ಮ, ಷೆಡ್ಡಿನ ವೈರ್‌ಮನ್. ಭಾವನ ಶಿಫಾರಸಿನಿಂದ ಕೆಲಸಕ್ಕೆ ಸೇರಿದಂದಿನಿಂದ ಅವನಿಗೆ ಅದೇ ಹೆಸರು. ಲಾರಿ ಬರುವ ಮುಂಚೆ ದೀಪಗಳನ್ನು ಕಳಚಿಕೊಳ್ಳುತ್ತಿದ್ದ. ಕೆನ್ನೆ ಒಳಗೆ ಹೋಗಿತ್ತು. ಹದಿಮೂರು ದಿನದ ಗಡ್ಡ.

“ಊಟ ಮಾಡಿದ್ಯೇನಪ್ಪ?”

“ಆಯ್ತು ಮೇಡಂ.”

“ಸುಳ್ಳು ಹೇಳೋ ಬಾಯಿಗೆ ಹಸಿವಾಗಲ್ವೇನೋ.” ಟಾರ್ಚಕ್ಕ ಬಾಗಿಲನ್ನು ಹಿಂದಕ್ಕೆ ಎಳೆದುಕೊಂಡಳು. “ಕರೆಂಟು ಕೊಟ್ಟದ್ದು ನೀನು.”

“ಬರೆದು ಕೊಟ್ಟಿದೀನಿ. ದೀಪ ಉರಿಸಿ ನೋಡ್ಬೇಕಿತ್ತು, ಎರಡೂ ಬೋಗಿಯ ಹಿಡಿ ನೋಡಿದೆ, ಬಿಲ್ಲೆ ಇರಲಿಲ್ಲ. ಮೂರು ಸಲ ಕರೆಂಟು ಕರೆಂಟು ಅಂತ ಕೂಗಿದೆ. ಭಾವ ಬಿಲ್ಲೆ ಹಾಕದೆ ಇಳಿದಿದ್ರು. ಅವರದ್ದೇ ತಪ್ಪು.”

“ಅವರದ್ದೇ ತಪ್ಪು ಅಂತ ಹೇಳಿದ್ದಕ್ಕೆ ನಿನ್ನಕ್ಕ ನಿನ್ನ ಜೊತೆ ಮಾತು ಬಿಟ್ಟಿದಾಳೆ.”

“ಬಿಡ್ಲಿ.”

“ಚಿಕ್ಕಂದಿನಲ್ಲಿ ತಾಯಿ ಹೋದ್ಮೇಲೆ ನಿನ್ನ ಎತ್ತಿ ಆಡಿಸಿದೋಳು ಅವಳೇ ಅಲ್ವಾ?”

“ಬಿಡ್ಲಿ ಅಂದೆನಲ್ಲ!” ಅವನ ಕೈಯ ದೀಪದ ಗಾಜು ನೆಲಕ್ಕೆ ಬಿದ್ದು ಚೂರಾಯಿತು.

ಟಾರ್ಚಕ್ಕ ಬಿಲ್ಲೆಯನ್ನು ಚಾಲಕನ ಮೇಜಿನ ಮೇಲೆ ಇಟ್ಟಳು. ಮಾತು ಬಲು ಮೆಲ್ಲಗೆ ಬಂತು. “ಮೂರೂಮುಕ್ಕಾಲಿಗೆ ನಿನ್ನ ಭಾವ ಇದನ್ನ ಹಿಡಿಗೆ ಕಟ್ಟಿ ಇಳಿದ. ಮೇಸ್ತ್ರಿ ಒಪ್ಕೊಂಡಿದಾನೆ. ನಾಲ್ಕೂ ನಲವತ್ತಕ್ಕೆ ಇದು ಹಲಗೆ ಮೇಲಿತ್ತು, ಒಂದು ಗ್ರೀಸಿನ ಚುಕ್ಕೆಯೂ ಇಲ್ಲದ ಹಾಗೆ. ನಡುವೆ ಯಾರನ್ನ ನೋಡಿದೆ ನೀನು?”

ಅವನು ಗಾಜಿನ ಚೂರುಗಳನ್ನು ಕಾಲಿನಿಂದ ಒಂದೆಡೆ ಸರಿಸತೊಡಗಿದ.

“ಮೇಸ್ತ್ರಿ ಕಾಲು ಹಿಡಿದು ಹೊತ್ತು ತಿದ್ದಿಸಿದೆ. ಅವನ ಸಲುವಾಗಿ ಅಲ್ಲ. ಯಾರ ಸಲುವಾಗಿ?”

ಹೊರಗೆ ಕಂಬಗಳ ಮೇಲಿನ ದಾರಿಯಲ್ಲಿ ರೈಲೊಂದು ಬಂತು. ಷೆಡ್ಡಿನ ತಗಡು, ಬೋಗಿಯ ಗಾಜು, ನೆಲದ ಮೇಲಿನ ಚೂರು, ಎಲ್ಲ ನಡುಗಿದವು. ರೈಲು ದಾಟುವ ತನಕ ಮಾತಾಡುವ ಹಾಗಿರಲಿಲ್ಲ. ದಾಟಿದ ಮೇಲೆ ನೋಡಿದರೆ ಭಾಮೈದ ಎರಡೂ ಕಿವಿ ಮುಚ್ಚಿಕೊಂಡು ಮೂಲೆಯಲ್ಲಿ ಕುಕ್ಕರಗಾಲಲ್ಲಿ ಕೂತಿದ್ದ.

“ಹಿಂಗೇ ಬಂತು ಮೇಡಂ. ನಾನು ಕೂಗಿದಾಗ ಹಿಂಗೇ ಮೇಲೆ ರೈಲು ಬಂತು. ನನ್ನ ಕೂಗು ನನಗೇ ಕೇಳಿಸ್ಲಿಲ್ಲ. ಅದು ದಾಟಿದ ಮೇಲೆ ಇನ್ನೊಂದು ಸಲ ಕೂಗಬೇಕಿತ್ತು. ಬಿಲ್ಲೆ ಇಲ್ಲವಲ್ಲ, ಯಾರಿರ್ತಾರೆ ಅಂತ...”

ಟಾರ್ಚಕ್ಕನೂ ಅವನ ಎದುರು ನೆಲಕ್ಕೇ ಕೂತಳು. ಮಂಡಿ ಚಟಕ್ಕೆಂದಿತು.

“ಅದಕ್ಕೆ ಮುಂಚೆ?”

“ಮುಂಚೆ ಅಕ್ಕನ್ನ ನೋಡಿದೆ.” ಅವನು ಗೋಡೆಗೆ ತಲೆ ಆನಿಸಿದ. “ಬಕೀಟು ಹಿಡ್ಕೊಂಡು ಬೋಗಿಯಿಂದ ಇಳೀತಿದ್ಲು. ಇನ್ನೊಂದು ಕೈಯಲ್ಲಿ ಬಿಲ್ಲೆ. ಬಟ್ಟೆಯಿಂದ ಒರೆಸ್ತಾ ಒರೆಸ್ತಾ ಹೋದ್ಲು. ದಿನಾ ನೋಡೋದೇ ಅಲ್ವಾ? ಷೆಡ್ಡಿಗೆಲ್ಲ ಗೊತ್ತು. ಭಾವನ ಮೇಲಿನ ಸಿಟ್ಟು ಮುಖದಲ್ಲಿ ಇನ್ನೂ ಇತ್ತು. ಆದ್ರೂ ಬಿಲ್ಲೆ ಬಿಡ್ಲಿಲ್ಲ ನೋಡಿ, ಅಂತ ನಕ್ಕೆ ನಾನು. ನಕ್ಕೆ, ಮೇಡಂ.”

“ಭಾವ ಕೆಳಗೆ ಇರೋದು ನಿನಗೆ ಗೊತ್ತಿರಲಿಲ್ಲ.”

“ದೇವರಾಣೆ ಇಲ್ಲ. ಆಮೇಲೆ ಸುಟ್ಟ ವಾಸನೆ ಬಂದು ಇಳಿದು ನೋಡಿದಾಗಲೇ ಗೊತ್ತಾಗಿದ್ದು.” ಅವನು ಪಕ್ಕದ ಬೋಗಿಯ ಕಡೆ ಕೈ ತೋರಿಸಿದ. “ಅಕ್ಕ ಗುಡಿಸ್ತಿದ್ದಾಗ ಭಾವ ಅವಳ ಕಾಲ ಕೆಳಗೇ ಇದ್ರು. ಅವಳ ಪೊರಕೆ ಸದ್ದು ಅವರಿಗೆ ಗೊತ್ತಾಗಲ್ವಾ? ಖಂಡಿತ ಕೇಳಿಸ್ಕೊಂಡಿರ್ತಾರೆ. ಜಗಳ ಆಡಿದಾಳೆ, ಈಗ ಮಾತಾಡಿಸಿದ್ರೆ ಇನ್ನೂ ಬೈತಾಳೆ ಅಂತ ಸುಮ್ನಿದ್ರೇನೋ. ಒಂದು ಮಾತು. ಕೆಳಗಿದೀನಿ ಕಣೇ ಅಂತ ಒಂದು ಮಾತು ಆಡಿದ್ರೆ...”

ಟಾರ್ಚಕ್ಕನಿಗೆ ಅದನ್ನು ಕೇಳುತ್ತಿರಲು ಆಗಲಿಲ್ಲ. ಬಾಗಿಲಣ್ಣನ ಮನೆಯಲ್ಲಿ ಒಮ್ಮೆ ಊಟ ಮಾಡಿದ್ದಳು. ಕಿಟಕಿಯ ಎದುರೇ ನಿಲ್ದಾಣ. ತಟ್ಟೆಯ ಮುಂದೆ ಕೂತಿದ್ದ ಬಾಗಿಲಣ್ಣ ಅಲ್ಲಿ ನಿಂತ ರೈಲಿನ ಬಾಗಿಲ ಸದ್ದು ಕೇಳಿಯೇ “ಮೂರನೇ ಬಾಗಿಲಿನ ಉರುಳೆ ಒಣಗಿದೆ,” ಅಂದಿದ್ದ. “ಮೊದ್ಲು ನಿಮ್ಮ ಗಂಟಲು ಒಣಗಿರೋದು ನೋಡ್ಕೊಳ್ಳಿ, ನೀರು ಕುಡೀರಿ,” ಎಂದು ಅತ್ತಿಗೆ ಲೋಟ ಕುಕ್ಕಿದ್ದಳು. ಅವನು ನಕ್ಕು ನೀರು ಕುಡಿದಿದ್ದ. ಇಷ್ಟು ಕಿವಿಯಿದ್ದವನು ಹೆಂಡತಿಯ ಹೆಜ್ಜೆಯ ಸದ್ದನ್ನು ಕೇಳದಿರುತ್ತಾನೆಯೇ?

ಭಾಮೈದ ಮುಂದಕ್ಕೆ ಬಾಗಿ ಅವಳ ಮಸಿ ಹಿಡಿದ ಕೈಗಳನ್ನು ಹಿಡಿದುಕೊಂಡ.

“ಭಾವನದ್ದೇ ತಪ್ಪು ಅಂತ ಬರೆದುಬಿಡಿ ಮೇಡಂ. ಸತ್ತೋರಿಗೆ ಏನೂ ಆಗಲ್ಲ. ಅಕ್ಕ ನನ್ನ ಜೊತೆ ಮಾತಾಡದಿದ್ರೂ ಪರವಾಗಿಲ್ಲ. ಅವಳಿಗೆ ಇದು ಗೊತ್ತಾದ್ರೆ ಒಂದು ದಿನ ಉಳಿಯಲ್ಲ.”

“ಗೊತ್ತಾಗದೆಯೂ ಅವಳು ಉಳಿದಿಲ್ಲ ಕಣೋ. ಗಂಡ ತನ್ನ ಮೇಲಿನ ಸಿಟ್ಟಿಗೆ ಪ್ರಾಣ ಬಿಟ್ಟ ಅಂದ್ಕೊಂಡಿದಾಳೆ. ದಿನಾ ಅದೇ ಕೇಳ್ತಾಳೆ ನನ್ನ.”

ಅವನು ಇದನ್ನು ಯೋಚಿಸಿಯೇ ಇರಲಿಲ್ಲ. ಹಿಡಿದಿದ್ದ ಕೈ ಸಡಿಲವಾಯಿತು.

*

“ಯಾರಿದು ಒಳಗೆ? ಗಾಜು ಒಡೆದೋರು ಯಾರು?”

ಬಾಗಿಲು ಸರಿಯಿತು. ಕೈಯಲ್ಲಿ ಪೊರಕೆ, ಸೊಂಟಕ್ಕೆ ಸಿಕ್ಕಿಸಿದ ಒದ್ದೆ ಬಟ್ಟೆ. ಅತ್ತಿಗೆ.

ಹದಿಮೂರು ದಿನದಲ್ಲಿ ಅವಳು ಷೆಡ್ಡಿಗೆ ಕಾಲಿಟ್ಟದ್ದು ಇದೇ ಮೊದಲು. ಅವರಿಬ್ಬರು ನೆಲದ ಮೇಲೆ ಕೂತಿರುವುದನ್ನು ನೋಡಿ ಒಂದು ಗಳಿಗೆ ನಿಂತಳು. ತಮ್ಮನ ಕಡೆಗೆ ಕಣ್ಣು ಹಾಯಿಸದೆ ಟಾರ್ಚಕ್ಕನಿಗೆ ಮಾತ್ರ ಹೇಳಿದಳು:

“ಲಾರಿ ಗೇಟಿನ ಹತ್ರ ಬಂದಿದೆ. ಅವರು ಮೂವತ್ತು ವರ್ಷ ಕೈಯಾಡಿಸಿದ ಬೋಗಿ. ಕೊಳಕಾಗಿ ಕಳಿಸೋಕೆ ಮನಸ್ಸು ಬರ್ಲಿಲ್ಲ. ಒಂದ್ಸಲ ಗುಡಿಸಿ ಬಿಡ್ತೀನಿ ಅಂತ ಮೇಸ್ತ್ರಿಗೆ ಹೇಳ್ದೆ. ಆ ಮನುಷ್ಯ ನನ್ನ ಮುಖ ನೋಡಿ ಅಳೋಕೆ ಶುರು ಮಾಡ್ದ. ಯಾಕೆ?”

ಟಾರ್ಚಕ್ಕ ಗೋಡೆ ಹಿಡಿದು ಮೇಲೆದ್ದಳು.

ಅತ್ತಿಗೆಯ ಕಣ್ಣು ಮೇಜಿನ ಮೇಲಿನ ಬಿಲ್ಲೆಗೆ ಹೋಯಿತು. ಅಲ್ಲಿಂದ ಟಾರ್ಚಕ್ಕನ ಮುಖಕ್ಕೆ.

“ನಿಮಗೆ ಏನೋ ಗೊತ್ತಾಗಿದೆ,” ಎಂದಳು. ಪೊರಕೆಯನ್ನು ಸೀಟಿಗೆ ಒರಗಿಸಿದಳು. “ಹೇಳಿ. ಅವರು ಬೇಕಂತ ಇಳಿದ್ರಾ?”

ಇಪ್ಪತ್ತು ವರ್ಷದ ತನಿಖೆಯಲ್ಲಿ ಟಾರ್ಚಕ್ಕ ಎಷ್ಟೋ ಜನರಿಗೆ ಎಷ್ಟೋ ಕೆಟ್ಟ ಸುದ್ದಿ ಹೇಳಿದ್ದಳು. ಎದುರಿಗಿದ್ದವಳ ಕಣ್ಣುಗಳನ್ನು ನೋಡುತ್ತ, ಈ ಒಂದು ಪ್ರಶ್ನೆಗೆ ಸುಳ್ಳು ಹೇಳಲು ಅವಳಿಂದಾಗಲಿಲ್ಲ.

“ಇಲ್ಲಮ್ಮ. ಬೇಕಂತ ಇಳಿದದ್ದಲ್ಲ. ಬಿಲ್ಲೆ ಕಟ್ಟೇ ಇಳಿದಿದ್ದ. ಬಾಗಿಲಣ್ಣನದು ಏನೂ ತಪ್ಪಿಲ್ಲ.”

ಅತ್ತಿಗೆ ಎರಡೂ ಕೈಗಳಿಂದ ಬಾಯಿ ಮುಚ್ಚಿಕೊಂಡಳು. ಒಳಗಿನಿಂದ ಬಂದ ಸದ್ದು ಅಳುವೋ ನಗುವೋ ತಿಳಿಯಲಿಲ್ಲ. ಕೈ ತೆಗೆದಾಗ ಮುಖ ಹತ್ತು ವರ್ಷ ಚಿಕ್ಕದಾಗಿತ್ತು.

“ನನಗೆ ಗೊತ್ತಿತ್ತು,” ಎಂದಳು. “ಗೊತ್ತಿತ್ತು ನನಗೆ. ಬೈದರೆ ಬೈಸ್ಕೊಂಡು ನಗೋ ಗಂಡಸು ಅದು. ಬಿಟ್ಟು ಹೋಗೋದಲ್ಲ.” ಸೆರಗಿನಿಂದ ಕಣ್ಣೊರೆಸಿಕೊಂಡಳು. ಒರೆಸುತ್ತಿದ್ದ ಕೈ ಅರ್ಧಕ್ಕೇ ನಿಂತಿತು. “ಆದ್ರೆ... ನಾಲ್ಕೂಕಾಲಿಗೆ ನಾನೇ ಬಿಲ್ಲೆ ತಂದು ಮೊಳೆಗೆ ಹಾಕಿದ್ದೆನಲ್ಲ? ಅಂದ್ರೆ ಅವರು ಮತ್ತೆ ಬಂದು ತಗೊಂಡು ಹೋದ್ರಾ? ನಾಲ್ಕೂವರೆಗೆ?”

ಟಾರ್ಚಕ್ಕ ಮೇಜಿನ ಮೇಲಿನ ಬಿಲ್ಲೆಯನ್ನು ಲಕೋಟೆಗೆ ಹಾಕಿಕೊಂಡಳು.

“ಮತ್ತೆ ಹಲಗೆಗೆ ಅದು ಹೇಗೆ ಬಂತು? ಕಟ್ಟಿಯೇ ಇಳಿದಿದ್ರೆ, ಬಿಚ್ಚಿದೋರು ಯಾರು?”

ಹೊರಗೆ ಲಾರಿಯ ಹಾರನ್ನು ಒಮ್ಮೆ ಕೇಳಿಸಿತು.

“ನಾನು, ಅಕ್ಕ.”

ಭಾಮೈದ ಎದ್ದು ನಿಂತಿದ್ದ. ಧ್ವನಿ ಒಂದಿಷ್ಟೂ ನಡುಗುತ್ತಿರಲಿಲ್ಲ. “ನೀನು ಮೊಳೆಗೆ ಹಾಕಿ ಹೋದ್ಮೇಲೆ ಭಾವ ಬಂದು ತಗೊಂಡು ಹೋಗಿ ಮತ್ತೆ ಹಿಡಿಗೆ ಕಟ್ಟಿದ್ರು. ನಾನೇ ಬಿಚ್ಚಿ ಹಲಗೆಗೆ ಹಾಕಿದ್ದು. ಯಾವಾಗ್ಲೂ ಮರೀತಾರಲ್ಲ, ಇವತ್ತೂ ಮರೆತು ಹೋಗಿದಾರೆ ಅಂದ್ಕೊಂಡೆ. ಬರ್ಕೊಳ್ಳಿ ಮೇಡಂ. ಇಷ್ಟು ದಿನ ಹೆದರಿ ಸುಳ್ಳು ಹೇಳಿದೆ.”

ಅತ್ತಿಗೆ ತಮ್ಮನ ಹತ್ತಿರ ಹೋದಳು. ಹೊಡೆಯುತ್ತಾಳೆ ಎಂದುಕೊಂಡಳು ಟಾರ್ಚಕ್ಕ. ಹೊಡೆಯಲಿಲ್ಲ. ಅವನ ಮುಖವನ್ನು ಹೊಸಬನ ಮುಖದ ಹಾಗೆ ನೋಡಿದಳು.

“ಬಗ್ಗಿ ನೋಡೋಕೆ ಏನಾಗಿತ್ತೋ ನಿನಗೆ?” ಎಂದಳು. “ಬಿಲ್ಲೆ ಬಿಚ್ಚೋ ಮುಂಚೆ ಒಂದ್ಸಲ ಬಗ್ಗಿ ನೋಡಿದ್ರೆ ಅವರ ಕಾಲು ಕಾಣ್ತಿತ್ತು. ಒಂದ್ಸಲ ರೀ ಅಂತ ಕರೆದಿದ್ರೆ ಓ ಅಂತಿದ್ರು. ಅಷ್ಟೂ ಮಾಡದ ಕೈ ಅದೆಂಥ ಕೈಯೋ? ಆ ಕೈಯಲ್ಲಿ ನೀನು ಹೇಗೆ ಅನ್ನ ತಿಂತೀಯೋ?”

“ತಪ್ಪಾಯ್ತಕ್ಕ.”

“ಈ ಜನ್ಮದಲ್ಲಿ ನಿನ್ನ ಕ್ಷಮಿಸಲ್ಲ ನಾನು.”

ಭಾಮೈದ ತಲೆಯಾಡಿಸಿದ. ಅಕ್ಕನ ಭುಜದ ಮೇಲಿನಿಂದ ಅವನ ಕಣ್ಣು ಟಾರ್ಚಕ್ಕನನ್ನು ಬೇಡುತ್ತಿತ್ತು. ಸುಮ್ಮನಿರಿ. ದಮ್ಮಯ್ಯ, ಸುಮ್ಮನಿರಿ.

ಸುಮ್ಮನಿದ್ದರೆ, ಬಿಲ್ಲೆ ಮುಟ್ಟದ ಹುಡುಗನಿಗೆ ಜೈಲು. ಬಾಯಿ ಬಿಟ್ಟರೆ, ಈಗಷ್ಟೇ ಅತ್ತಿಗೆ ತಮ್ಮನ ಮೇಲೆ ಎಸೆದ ಆ ಮಾತುಗಳೆಲ್ಲ ತಿರುಗಿ ಅವಳ ಎದೆಗೇ ನೆಡುತ್ತವೆ. ಗಡಿಯಾರದಲ್ಲಿ ಮೂರಕ್ಕೆ ಆರು ನಿಮಿಷ.

ಅತ್ತಿಗೆ ಟಾರ್ಚಕ್ಕನ ಜೇಬಿನಿಂದ ಪೆನ್ನನ್ನು ತಾನೇ ಎಳೆದುಕೊಂಡು, ಮುಚ್ಚಳ ತೆಗೆದು, ಅವಳ ಮಸಿ ಬೆರಳುಗಳ ನಡುವೆ ಇಟ್ಟಳು.

“ಬರೀರಿ,” ಎಂದಳು. “ಮೊದ್ಲು ಇವನ ಹೆಸರು. ಕೆಳಗೆ ಸಾಕ್ಷಿ ಅಂತ ನನ್ನ ಹೆಸರು.”